ಟೆರೇಸ್ ಮೇಲೆ ಬರ್ತ್‌ಡೇ: ಕೈಯಲ್ಲಿ ಹಿಡಿದು ತಿನ್ನುವ ಸಿಹಿ ಏನು ಮಾಡಲಿ?

ವಿದ್ಯಾನಗರದ ಅಮ್ಮ
ಬರುವ ಭಾನುವಾರ ಸಂಜೆ ಮಗಳ ಎಂಟನೇ ಹುಟ್ಟುಹಬ್ಬ. ಮಕ್ಕಳೇ 25 ಜನ. ಮನೆಯಲ್ಲಿ ಓವನ್ ಇಲ್ಲ. ಇರುವುದು ಸಣ್ಣ ಫ್ರಿಜ್, ಅದರಲ್ಲೂ ಅರ್ಧ ಜಾಗ ದೋಸೆ ಹಿಟ್ಟಿನದು. ತಟ್ಟೆ, ಚಮಚದ ಗೊಡವೆ ಬೇಡ, ಮಕ್ಕಳು ಓಡಾಡುತ್ತಾ ತಿನ್ನುವ ಹಾಗಿರಬೇಕು.

ಹೋದ ವರ್ಷದ ಕಥೆ ಹೇಳಿಬಿಡುತ್ತೇನೆ. ಬಿಸ್ಕತ್ ಪುಡಿಗೆ ಬೆಣ್ಣೆ, ಕೋಕೋ ಕಲಸಿ ಉಂಡೆ ಕಟ್ಟಿ, ಐಸ್‌ಕ್ರೀಮ್ ಕಡ್ಡಿ ಚುಚ್ಚಿ, ಕರಗಿಸಿದ ಚಾಕೊಲೇಟ್‌ನಲ್ಲಿ ಅದ್ದಿದ್ದೆ. ಫ್ರಿಜ್‌ನಿಂದ ತೆಗೆದಾಗ ನೋಡಲು ಎಷ್ಟು ಚೆಂದ ಇತ್ತು! ಏಪ್ರಿಲ್‌ನಲ್ಲಿ ನಮ್ಮ ದಾವಣಗೆರೆ ಬಿಸಿಲು ಗೊತ್ತಲ್ವಾ. ಹತ್ತೇ ನಿಮಿಷ, ಒಂದು ಉಂಡೆ ಕಡ್ಡಿಯಿಂದ ಜಾರಿ ಒಬ್ಬ ಹುಡುಗನ ಬಿಳಿ ಜುಬ್ಬಾ ಮೇಲೆ ಕೂತಿತು. ಅವರಮ್ಮ ಏನೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಕಷ್ಟವಾಗಿದ್ದು.

ಕೇಕ್ ಅತ್ತಿಗೆ
ನಿಮ್ಮ ತಪ್ಪಲ್ಲ ರೀ. ಒಳ್ಳೆ ಚಾಕೊಲೇಟ್ 34 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ನಿಮ್ಮ ಟೆರೇಸ್ ಅದಕ್ಕಿಂತ ಬಿಸಿ. ಅದ್ದಲು ಕಾಂಪೌಂಡ್ ಚಾಕೊಲೇಟ್ ತನ್ನಿ, ಅದರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ, ಸ್ವಲ್ಪ ತಡೆಯುತ್ತದೆ. ಒಳಗಿನ ಬೆಣ್ಣೆ ಬಿಟ್ಟು ಮಿಲ್ಕ್‌ಮೇಡ್‌ನಲ್ಲಿ ಕಲಸಿ. ದಾವಣಗೆರೆಯಲ್ಲಿ ಕೂತು ಬೆಣ್ಣೆ ಬೇಡ ಅನ್ನುವುದು ಪಾಪವೇ, ಆದರೂ ಬಿಡಿ.

ನಿಟುವಳ್ಳಿ ಅಡುಗೆಮನೆ
ಚೈನಾಗ್ರಾಸ್ ಮಾಡಿ ಅಕ್ಕ, ಅದೇ ಕಡಲ ಪಾಚಿಯಿಂದ ಮಾಡುವ ಅಗರ್. ಜೆಲಾಟಿನ್ ತರಬೇಡಿ, ಅದು ಬಿಸಿಲಿಗೆ ನೀರಾಗುತ್ತದೆ. ಚೈನಾಗ್ರಾಸ್ ಫ್ರಿಜ್ ಇಲ್ಲದೆಯೂ ಗಟ್ಟಿಯಾಗುತ್ತದೆ, ಒಮ್ಮೆ ಗಟ್ಟಿಯಾದರೆ ಬಿಸಿಲಿಗೆ ಕರಗುವುದಿಲ್ಲ. 10 ಗ್ರಾಂ ಚೈನಾಗ್ರಾಸ್ ಎಳೆಗಳನ್ನು ನೆನೆಸಿ, ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗುವ ತನಕ ಕುದಿಸಿ. ಸಕ್ಕರೆ ಹಾಕಿದ ಅರ್ಧ ಲೀಟರ್ ಬಿಸಿ ಹಾಲಿಗೆ ಸೋಸಿ. ಹಾಲು ತಣ್ಣಗಿದ್ದರೆ ಗಂಟು ಗಂಟಾಗುತ್ತದೆ, ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಹಳೇಪೇಟೆ ಅಜ್ಜಿ
ಇಷ್ಟೆಲ್ಲಾ ಯಾಕಮ್ಮ? ಊರು ಮಂಡಕ್ಕಿದು, ಮಂಡಕ್ಕಿ ಉಂಡೆ ಕಟ್ಟು. ಮಂಡಕ್ಕಿ ಹುರಿಯುವ ಭಟ್ಟಿ ಕಡೆಯಿಂದ ಗರಿಗರಿ ಮಂಡಕ್ಕಿ ತರಿಸು. ಒಂದು ಲೋಟ ಬೆಲ್ಲಕ್ಕೆ ಆರು ಲೋಟ ಮಂಡಕ್ಕಿ. ಬೆಲ್ಲ ಮುಳುಗುವಷ್ಟು ನೀರು ಸಾಕು. ಕರಗಿದ ಮೇಲೆ ಸೋಸು, ಕಲ್ಲು ಇರುತ್ತೆ. ಮತ್ತೆ ಕುದಿಸಿ, ಒಂದು ತೊಟ್ಟು ಪಾಕವನ್ನು ನೀರಿಗೆ ಬಿಡು. ಉಂಡೆ ಮಾಡಿ ತಟ್ಟೆಗೆ ಹಾಕಿದರೆ ಟಣ್ ಅನ್ನಬೇಕು. ಮೆತ್ತಗಿದ್ದರೆ ಸಂಜೆಗೆ ಉದುರುತ್ತೆ. ಟಣ್ ಅಂದ ತಕ್ಷಣ ಏಲಕ್ಕಿ, ಹುರಿಗಡಲೆ, ಮಂಡಕ್ಕಿ ಹಾಕಿ ಒಲೆ ಆರಿಸು. ಕೈಗೆ ನೀರು ಸವರಿಕೊಂಡು ಬಿಸಿ ಬಿಸಿ ಇರುವಾಗಲೇ ಕಟ್ಟು. ಸುಡುತ್ತೆ, ಮಕ್ಕಳನ್ನು ಹತ್ತಿರ ಬಿಡಬೇಡ. ಒತ್ತಿ ಒತ್ತಿ ಕಟ್ಟಿದರೆ ಕಲ್ಲಾಗುತ್ತೆ.

ವಿದ್ಯಾನಗರದ ಅಮ್ಮ
ಅಜ್ಜಿ, ನಿಜ ಹೇಳಲಾ? ಈಗಿನ ಮಕ್ಕಳು ಇದನ್ನು ಮುಟ್ಟುತ್ತಾರಾ ಅಂತ ಸುಮ್ನೆ ಒಂದು ಲೋಟ ಬೆಲ್ಲದಲ್ಲಿ ಮಾಡಿ ನೋಡಿದೆ. ಎಂಟು ಉಂಡೆ ಆಗುವಷ್ಟರಲ್ಲಿ ಪಾಕ ಬಿಗಿದು ಮಂಡಕ್ಕಿ ಉದುರತೊಡಗಿತು. ಬಾಣಲೆಯನ್ನು ಸಣ್ಣ ಉರಿ ಮೇಲೆ ಇಟ್ಟೆ, ಸಡಿಲವಾಯಿತು. ಮಗಳು “ಕಡ್ಡಿ ಚುಚ್ಚಮ್ಮ” ಅಂದಳು. ಬಿಸಿ ಇದ್ದಾಗಲೇ ಚುಚ್ಚಿದೆ, ಗಟ್ಟಿಯಾಗಿ ನಿಂತಿದೆ. ಮೂರನ್ನು ಅವರಪ್ಪ ತಿಂದು ಮುಗಿಸಿದ್ದಾರೆ. ಉಳಿದವನ್ನು ಟೆರೇಸ್ ಮೇಲೆ ಬಿಸಿಲಿಗೆ ಇಟ್ಟು ಬಂದಿದ್ದೇನೆ, ಇರುವೆ ಬರದ ಹಾಗೆ ಸುತ್ತ ನೀರು ಹಾಕಿ. ಮೂರು ಗಂಟೆಗೆ ಹೋಗಿ ನೋಡುತ್ತೇನೆ.