ಎರಡೂವರೆ ಸಾವಿರದ ಮೊಟ್ಟೆ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಕಾಫಿ ರೇಟು, ಯಾರ ತೋಟದಲ್ಲಿ ಎಷ್ಟು ಸೆಂಟ್ ಮಳೆ, ಯಾರಿಗೆ ಹುಷಾರಿಲ್ಲ ಎಂಬ ಸುದ್ದಿ, ಅಷ್ಟೇ. ಕಾಫಿ ಕುಯ್ಲು ಮುಗಿದು ಚರ್ಚಿನಲ್ಲಿ ಬೆಳೆ ಹಬ್ಬ (ಜನ ಕಾಣಿಕೆಯಾಗಿ ತಂದ ವಸ್ತುಗಳನ್ನು ಹರಾಜು ಹಾಕಿ ಚರ್ಚಿಗೆ ಹಣ ಕೂಡಿಸುವ ಹಬ್ಬ) ಆದ ವಾರ, ಪ್ರವೀಣ ನಮ್ಮ ಪಾಸ್ಟರ್ ಬರೆದದ್ದೊಂದನ್ನು ಹಾಕಿದ. ಶುರುವಾಯಿತು ನೋಡಿ. ಶುಭರಾತ್ರಿಯ ಹೂವಿನ ಚಿತ್ರಗಳನ್ನೂ ಬೈಗುಳಕ್ಕೆ ಹತ್ತಿರ ಹೋದ ಒಂದೆರಡು ಮಾತನ್ನೂ ಬಿಟ್ಟು ಉಳಿದದ್ದು ಇಲ್ಲಿದೆ. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ದೊಡ್ಡಪ್ಪನೂ "ಹಾಕು, ನನಗೇನು ಭಯ" ಅಂದರು.

ಪ್ರವೀಣ (ಮಡಿಕೇರಿ): ಚರ್ಚ್ ಸಭೆಯ ಗುಂಪಿನಲ್ಲಿ ಪಾಸ್ಟರ್ ಹಾಕಿದ್ದು. ಪೂರ್ತಿ ಓದಿ, ಆಮೇಲೆ ಮಾತಾಡಿ.

ಫಾರ್ವರ್ಡ್ ಮಾಡಿದ ಸಂದೇಶ:
"ಪ್ರಿಯರೇ, ಬೆಳೆ ಹಬ್ಬ ಚೆನ್ನಾಗಿ ನಡೆಯಿತು, ದೇವರಿಗೆ ಸ್ತೋತ್ರ. ಚಾವಣಿ ರಿಪೇರಿಗೆ ಬೇಕಾದ ಹಣದಲ್ಲಿ ದೊಡ್ಡ ಪಾಲು ಒಂದೇ ದಿನ ಬಂತು. ಹರಾಜಿನಲ್ಲಿ ಕೂಗಿದವರಿಗೆಲ್ಲ ವಂದನೆ.

ಒಂದು ನಾಟಿ ಕೋಳಿ ಮೊಟ್ಟೆ ₹2,500ಕ್ಕೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆ ಮೊಟ್ಟೆ ತಂದ ತಾಯಿ ಹಿಂದಿನ ಬಾಗಿಲ ಹತ್ತಿರ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಜಾರ್ಖಂಡ್‌ನಿಂದ ತೋಟದ ಕೆಲಸಕ್ಕೆ ಬಂದವರು, ಕೂಲಿಯವರ ಲೈನ್ ಮನೆಯಲ್ಲಿ ಇರುವವರು. ಬೆಳಿಗ್ಗೆ ಅದನ್ನು ಸೆರಗಿನ ತುದಿಯಲ್ಲಿ ಸುತ್ತಿ ತಂದಿದ್ದರು. ಉರುಳಬಾರದು ಎಂದು ಪೀಠದ ಮುಂದಿನ ಭತ್ತದ ರಾಶಿಯಲ್ಲಿ ಬೆರಳಿನಿಂದ ಸಣ್ಣ ಗುಂಡಿ ಮಾಡಿ ಕೂರಿಸಿದ್ದನ್ನು ನಾನು ನೋಡಿದೆ. ಹರಾಜು ಏರುತ್ತಾ ಹೋದ ಹಾಗೆ ಅವರ ಮುಖದಲ್ಲಿ ಗಾಬರಿ ಕಂಡಿತು. ಅವರ ಮೊಟ್ಟೆ ಹಿಡಿದುಕೊಂಡು ಜನ ಯಾಕೆ ಕೂಗಾಡುತ್ತಿದ್ದಾರೆ ಎಂದು ಯಾರೂ ಹಿಂದಿಯಲ್ಲಿ ಒಂದು ಮಾತು ಹೇಳಲಿಲ್ಲ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ಇನ್ನೊಮ್ಮೆ ಓದಿ. ಕರ್ತನ ಭೋಜನಕ್ಕೆಂದು ಅಲ್ಲಿನ ಸಭೆ ಸೇರುತ್ತಿತ್ತು. ಉಳ್ಳವರು ತಮ್ಮ ಊಟ ಮೊದಲೇ ಮುಗಿಸಿಬಿಡುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದು ಪೌಲನು ಬರೆಯಬೇಕಾಯಿತು.

ನಮ್ಮಲ್ಲಿ ಆರಾಧನೆ ಆದ ಮೇಲೆ ಟೀ ಇದೆ. ಯಾರು ಕುಡಿಯುತ್ತಾರೆ ಎಂದು ಕೆಲವು ತಿಂಗಳಿಂದ ಗಮನಿಸುತ್ತಿದ್ದೇನೆ. ಹಿಂದಿನ ಬೆಂಚಿನವರು ಆಶೀರ್ವಾದ ಆದ ಕೂಡಲೇ ಹೊರಟುಬಿಡುತ್ತಾರೆ. ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ನೋಡುವವರೂ ಆಶೀರ್ವಾದ ಆದ ಕೂಡಲೇ ಆಫ್ ಮಾಡುತ್ತಾರೆ. ಇಬ್ಬರಿಗೂ ನಮ್ಮ ಸಭೆ ಬರೀ ಒಂದು ಕಾರ್ಯಕ್ರಮ. ಇದರ ಬಗ್ಗೆ ಪ್ರಾರ್ಥಿಸಿರಿ. ನಿಮ್ಮ ಸಭಾಪಾಲಕ."

ದೊಡ್ಡಪ್ಪ: ಆ ಮೊಟ್ಟೆ ಕೂಗಿದವನು ನಾನು.

ದೊಡ್ಡಪ್ಪ: ಎಲ್ಲರಿಗೂ ಗೊತ್ತಿದೆ ಅಂತ ನನಗೂ ಗೊತ್ತು. ಆದರೂ ಹೇಳುತ್ತಿದ್ದೇನೆ.

ಶೀಲಾ ಅಕ್ಕ (ದುಬೈ): ದೊಡ್ಡಪ್ಪಾ, ಒಂದು ಮೊಟ್ಟೆಗೆ ಎರಡೂವರೆ ಸಾವಿರನಾ! 😂

ದೊಡ್ಡಪ್ಪ: ನಗಬೇಡ. ಎದುರು ಕೂಗುತ್ತಿದ್ದವನು ಎರಡು ಸಾವಿರಕ್ಕೆ ನಿಲ್ಲಿಸಿದ, ನಾನು ಐನೂರು ಮೇಲೆ ಹಾಕಿದೆ. ಹರಾಜು ಅಂದರೆ ಹಾಗೇ. ಆ ಹಣ ನನ್ನ ಮನೆಗೆ ಬಂತಾ? ಚಾವಣಿಗೆ ಹೋಯಿತು. ಮಳೆಗಾಲದಲ್ಲಿ ಸೋರುವುದು ಯಾರ ತಲೆ ಮೇಲೆ? ಅದೇ ಹಿಂದಿನ ಬೆಂಚಿನವರ ತಲೆ ಮೇಲೆ. ಇದನ್ನು ಅಯ್ಯನವರು ಬರೆಯಲಿಲ್ಲ.

ಚಿಕ್ಕಪ್ಪ (ಬೆಂಗಳೂರು): ನಮ್ಮನ್ನು ಯಾಕೆ ಮಧ್ಯೆ ಎಳೆದರು? 2020ರಲ್ಲಿ ಲಾಕ್‌ಡೌನ್ ಆಗಿ ಚರ್ಚು ಮುಚ್ಚಿದಾಗ ಮೈಕು, ಸ್ಟ್ಯಾಂಡು ಕೊಡಿಸಿದವರು ನಾವು. ಆಗ ಬೇಕಿತ್ತು, ಈಗ ನಾವು ಪ್ರೇಕ್ಷಕರು. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಸೇರಿದರೆ ಅಲ್ಲಿ ನಾನಿದ್ದೇನೆ ಅಂತ ಯೇಸು ಹೇಳಿಲ್ವಾ? ಮತ್ತಾಯ 18:20.

ಸುಮಾ ಅತ್ತೆ (ಅಮ್ಮತ್ತಿ): ನಿಮ್ಮ ಮನೆಯಲ್ಲಿ ಇಬ್ಬರು ಎಲ್ಲಿ ಸೇರುತ್ತೀರಿ? ನೀನು ಸೋಫಾದಲ್ಲಿ. ನಿನ್ನ ಹೆಂಡತಿ ಆ ಹೊತ್ತಿಗೆ ಇಡ್ಲಿ ಬೇಯಿಸುತ್ತಿರುತ್ತಾಳೆ.

ಚಿಕ್ಕಪ್ಪ (ಬೆಂಗಳೂರು): ಅಮ್ಮ ಇದ್ದಾರೆ. ಸೊಂಟ ಮುರಿದ ಮೇಲೆ ಅವರಿಗೆ ಇದೇ ಚರ್ಚು. ಫೋನಿನಲ್ಲಿ ಗೀತೆ ಶುರುವಾದರೆ ಹಾಸಿಗೆಯಲ್ಲೇ ತಲೆಗೆ ಸೆರಗು ಹಾಕಿಕೊಳ್ಳುತ್ತಾರೆ. ಪಾಸ್ಟರ್‌ಗೆ ಇದೂ ಗೊತ್ತಿರಲಿ.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಪ್ರಕಾರ ಚಿಕ್ಕಪ್ಪನ ಮಾತು ನಿಜ. ಫೋನಿನ ಆರಾಧನೆಯನ್ನೂ ಹಿಂದಿನ ಬೆಂಚನ್ನೂ ಒಂದೇ ಸಾಲಿನಲ್ಲಿ ಸೇರಿಸಿದ್ದು ಪಾಸ್ಟರ್ ಬರಹದಲ್ಲಿ ಸಡಿಲವಾದ ಜಾಗ. ಒಬ್ಬರು ಬರಲಾಗದವರು, ಇನ್ನೊಬ್ಬರು ಬಂದೂ ನಿಲ್ಲದವರು.

ಸುಮಾ ಅತ್ತೆ (ಅಮ್ಮತ್ತಿ): ಟೀ ವಿಷಯಕ್ಕೆ ಬರೋಣ. ಟೀ ಮಾಡುವವಳು ನಾನು. ಅವರು ಯಾಕೆ ಓಡುತ್ತಾರೆ ಅಂತ ಅಯ್ಯನವರು ನನ್ನನ್ನು ಕೇಳಬಹುದಿತ್ತು. ಶನಿವಾರ ಬಟವಾಡೆ. ಭಾನುವಾರ ಗೋಣಿಕೊಪ್ಪ ಸಂತೆ. ವಾರಕ್ಕೆ ಬೇಕಾದ ಅಕ್ಕಿ, ಈರುಳ್ಳಿ, ಒಣಮೀನು ಎಲ್ಲ ಅವತ್ತೇ ತರಬೇಕು. ಜೀಪು ತುಂಬಿಕೊಂಡು ಹೋಗಿಬಿಟ್ಟರೆ ಮುಗೀತು. ನಮ್ಮ ಹಾಗೆ ಬೇಕಾದಾಗ ಕಾರು ತೆಗೆಯುವವರಲ್ಲ ಅವರು.

ಪ್ರವೀಣ (ಮಡಿಕೇರಿ): ಸಂತೆ ಸಂಜೆವರೆಗೂ ಇರುತ್ತೆ ಅತ್ತೆ. ಒಂದು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಲೋಟ ಎಷ್ಟಿದೆ?

ಸುಮಾ ಅತ್ತೆ (ಅಮ್ಮತ್ತಿ): ಸ್ಟೀಲ್ ಲೋಟ ನಲವತ್ತು.

ಪ್ರವೀಣ (ಮಡಿಕೇರಿ): ಜನ?

ಸುಮಾ ಅತ್ತೆ (ಅಮ್ಮತ್ತಿ): ಕುಯ್ಲು ಸಮಯದಲ್ಲಿ ತೊಂಬತ್ತರ ಹತ್ತಿರ.

ಪ್ರವೀಣ (ಮಡಿಕೇರಿ): ನಾನು ಇನ್ನೇನೂ ಹೇಳಲ್ಲ.

ಸುಮಾ ಅತ್ತೆ (ಅಮ್ಮತ್ತಿ): ಹೇಳಬೇಡ. ಮೊದಲು ಕುಡಿದವರು ಲೋಟ ತೊಳೆದು ಕೊಟ್ಟರೆ ಎರಡನೇ ಸರದಿ ಆಗುತ್ತೆ. ಕುಡಿದು ಕಿಟಕಿ ಮೇಲೆ ಇಟ್ಟು ಮಾತಾಡುತ್ತಾ ನಿಲ್ಲುವವರು ಯಾರು? ನೀನು ಮತ್ತೆ ನಿನ್ನ ಯೌವನಸ್ಥರ ಕೂಟ.

ಮೋಹನ ಮಾವ (ಮಂಗಳೂರು): ಒಂದು ಹಳೇ ಮಾತು ನೆನಪಿಸುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಅವರೇ 1850ರ ದಶಕದಲ್ಲಿ ಕೊಡಗಿಗೆ ಬಂದರು, ಸಿದ್ದಾಪುರದ ಹತ್ತಿರ ಆನಂದಪುರದಲ್ಲಿ ಸಭೆ ಬೆಳೆಸಿದರು. ಆ ಸಭೆಗೆ ಸೇರಿದವರು ಹೆಚ್ಚಾಗಿ ಯಾರು? ಬೇರೆಯವರ ಗದ್ದೆಯಲ್ಲಿ, ತೋಟದಲ್ಲಿ ದುಡಿಯುತ್ತಿದ್ದ, ಸ್ವಂತ ಜಮೀನಿಲ್ಲದ ಜನ. ಕೊಡಗಿನಲ್ಲಿ ಕನ್ನಡ ಆರಾಧನೆ ಬೇರು ಬಿಟ್ಟದ್ದು ಅವರಿಂದ. ಈಗ ಅಂಥವರೇ ಬಾಗಿಲ ಹತ್ತಿರ ನಿಂತಿದ್ದಾರೆ. ಬೇರೆ ಊರಿನವರು, ಬೇರೆ ಭಾಷೆಯವರು, ಅಷ್ಟೇ.

ದೊಡ್ಡಪ್ಪ: ಭಾವ, ಚರಿತ್ರೆ ಪಾಠ ಚೆನ್ನಾಗಿದೆ. ನನ್ನ ಪ್ರಶ್ನೆ ಬೇರೆ. ಅದೇ ಮತ್ತಾಯ 18ರಲ್ಲಿ, ಇಪ್ಪತ್ತಕ್ಕಿಂತ ಸ್ವಲ್ಪ ಮೇಲೆ, ಹದಿನೈದನೇ ವಚನದಲ್ಲಿ ಏನಿದೆ? ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನನ್ನೇ ಕಂಡು ತಿಳಿಸು. ಅಯ್ಯನವರು ನಮ್ಮ ಮನೆಗೆ ಎಷ್ಟು ಸಲ ಊಟಕ್ಕೆ ಬಂದಿಲ್ಲ? ಅಲ್ಲಿ ಹೇಳಬಹುದಿತ್ತು. ಇನ್ನೂರು ಜನರ ಗುಂಪಿನಲ್ಲಿ ಯಾಕೆ?

ಪ್ರವೀಣ (ಮಡಿಕೇರಿ): ನಿಮ್ಮ ಹೆಸರು ಅವರು ಎಲ್ಲೂ ಬರೆದಿಲ್ಲ ದೊಡ್ಡಪ್ಪ.

ದೊಡ್ಡಪ್ಪ: ನಮ್ಮ ಸಭೆಯಲ್ಲಿ ಎರಡೂವರೆ ಸಾವಿರಕ್ಕೆ ಮೊಟ್ಟೆ ತೆಗೆದುಕೊಂಡವರು ಎಷ್ಟು ಜನ ಇದ್ದಾರೆ?

ದೊಡ್ಡಮ್ಮ: ಆ ಮೊಟ್ಟೆ ಇನ್ನೂ ಫ್ರಿಜ್ಜಿನಲ್ಲೇ ಇದೆ. ಅಷ್ಟು ದುಡ್ಡಿನ ಮೊಟ್ಟೆ ಒಡೆಯೋಕೆ ನನಗೆ ಕೈ ಬರ್ತಿಲ್ಲ.

ರೀನಾ (ವಿರಾಜಪೇಟೆ): ಮದುವೆಯಾಗಿ ಕ್ಯಾಥೊಲಿಕರ ಮನೆಗೆ ಬಂದವಳು ನಾನು, ಎರಡೂ ಕಡೆ ನೋಡಿದ್ದೇನೆ. ಇಲ್ಲಿ ನಮ್ಮದು ಸಂತ ಅನ್ನಮ್ಮನವರ ಚರ್ಚು, 1792ರದ್ದು, ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟದ್ದು. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಮರಿಯಮ್ಮನ ಹುಟ್ಟುಹಬ್ಬ. ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರೆ. ಫಾದರ್ ಆಶೀರ್ವಾದ ಮಾಡಿದ ಭತ್ತದ ತೆನೆ ಎಲ್ಲ ಮನೆಗೂ. ಮನೆಗೆ ತಂದು ಕಾಳು ಸುಲಿದು ಪುಡಿ ಮಾಡಿ ಪಾಯಸಕ್ಕೋ ಹಾಲಿಗೋ ಹಾಕಿ, ಪ್ರಾರ್ಥನೆ ಮಾಡಿ, ಎಲ್ಲರೂ ಸ್ವಲ್ಪ ಸ್ವಲ್ಪ ಕುಡಿಯುತ್ತೇವೆ. ಊರಿಗೆ ಬರಲಾಗದವರಿಗೆ ಕವರಿನಲ್ಲಿ ಹಾಕಿ ಗಲ್ಫಿಗೂ ಕಳಿಸುತ್ತೇವೆ. ತೋಟದ ಮಾಲೀಕನಿಗೂ ಅದೇ ತೆನೆ, ಲೈನ್ ಮನೆಯವರಿಗೂ ಅದೇ ತೆನೆ. ಅಲ್ಲಿ ಹರಾಜು ಇಲ್ಲ.

ದೊಡ್ಡಪ್ಪ: ಮಕ್ಕಳಿಗೆ ಕಬ್ಬು ಹಂಚುತ್ತಾರಲ್ಲ, ಅದನ್ನು ಕೊಡಿಸಿದವರ ಹೆಸರು ಮೈಕಿನಲ್ಲಿ ಹೇಳಲ್ವಾ?

ರೀನಾ (ವಿರಾಜಪೇಟೆ): ಹೇಳುತ್ತಾರೆ. 😄

ದೊಡ್ಡಪ್ಪ: ಅದೇ ನಾನು ಹೇಳಿದ್ದು.

ಈ ಹೊತ್ತಿಗೆ ನಾನು ಭಾನುವಾರ ತೆಗೆದ ಒಂದು ಫೋಟೋ ಹಾಕಿದೆ. ಚರ್ಚಿನ ನೋಟಿಸ್ ಬೋರ್ಡಿನದ್ದು. ಕೆಂಪು ಗೆರೆ ಎಳೆದ ಉದ್ದ ಹಾಳೆ, ಖಜಾಂಚಿಯಾಗಿರುವ ದೊಡ್ಡಪ್ಪನದ್ದೇ ದುಂಡಗಿನ ಕೈಬರಹ. ಎಡಕ್ಕೆ ವಸ್ತು, ನಡುವೆ ಕೂಗಿದವರ ಹೆಸರು, ಬಲಕ್ಕೆ ಮೊತ್ತ. ಬಾಳೆಗೊನೆ, ಸಿಹಿಗುಂಬಳ, ಕರಿಮೆಣಸು ಒಂದು ಸೇರು, ಜೇನು ಒಂದು ಬಾಟಲಿ, ಹುಂಜ. ಹದಿನಾರನೇ ಸಾಲಿನಲ್ಲಿ ಮೊಟ್ಟೆ.

ನಾನು: ದೊಡ್ಡಪ್ಪ, ನೀವು ಹಣ ಕೊಟ್ಟದ್ದು ತಪ್ಪು ಅಂತ ಪಾಸ್ಟರ್ ಹೇಳಿಲ್ಲ, ನಾನೂ ಹೇಳಲ್ಲ. ಈ ಪಟ್ಟಿ ನೋಡಿ. ವಸ್ತು ಇದೆ, ಬೆಲೆ ಇದೆ, ಕೊಂಡವರ ಹೆಸರಿದೆ. ತಂದವರ ಹೆಸರು ಒಂದಾದರೂ ಇದೆಯಾ? ಯೇಸು ಕಾಣಿಕೆ ಪೆಟ್ಟಿಗೆ ಎದುರು ಕೂತು ನೋಡಿದ ಕಥೆ ಮಾರ್ಕ 12ರಲ್ಲಿದೆ. ಹೆಚ್ಚು ಹಾಕಿದ ಶ್ರೀಮಂತರೂ ಅಲ್ಲಿ ಇದ್ದರು. ಆತ ಶಿಷ್ಯರನ್ನು ಕರೆದು ತೋರಿಸಿದ್ದು ಎರಡು ಕಾಸು ಹಾಕಿದ ವಿಧವೆಯನ್ನು.

ದೊಡ್ಡಪ್ಪ: ನಿನಗೊಂದು ವಚನ, ನನಗೊಂದು ವಚನ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಮತ್ತಾಯ 6:3. ಕಾಣಿಕೆ ತಂದವರು ಹೆಸರಿಲ್ಲದೆ ಪೀಠದ ಮುಂದೆ ಇಟ್ಟು ಹೋಗುವುದು ನಮ್ಮ ಅಪ್ಪನ ಕಾಲದಿಂದ ಬಂದ ಪದ್ಧತಿ. ಒಳ್ಳೆ ಪದ್ಧತಿ.

ನಾನು: ಹಾಗಾದರೆ ಕೂಗಿದವರ ಹೆಸರು ಬೋರ್ಡಿನಲ್ಲಿ ಯಾಕಿದೆ?

ಸುಮಾರು ಹೊತ್ತು ದೊಡ್ಡಪ್ಪ "ಟೈಪಿಂಗ್" ಎಂದು ತೋರಿಸುತ್ತಾ, ನಿಲ್ಲುತ್ತಾ, ಮತ್ತೆ ತೋರಿಸುತ್ತಾ ಇತ್ತು.

ದೊಡ್ಡಮ್ಮ: ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದಿದ್ದಾರೆ ನಿಮ್ಮ ದೊಡ್ಡಪ್ಪ. ಬೇಕಾದರೆ ಹಾಕುತ್ತೇನೆ.

ದೊಡ್ಡಪ್ಪ: ಬೇಡ.

ದೊಡ್ಡಪ್ಪ: ಈಗ ನಾನು ಹೇಳುವುದನ್ನು ಎಲ್ಲರೂ ಕೇಳಿ. ಹೆಸರು ತೆಗೆದು ನೋಡಿ, ಮುಂದಿನ ವರ್ಷ ಆ ಮೊಟ್ಟೆ ಎಂಟು ರೂಪಾಯಿಗೆ ಹೋಗುತ್ತದೆ. ಜನ ಕೂಗುವುದು ಅರ್ಧ ಭಕ್ತಿಗೆ, ಅರ್ಧ ಜಂಬಕ್ಕೆ. ನನಗೂ ಜಂಬ ಇದೆ. ಆ ಜಂಬದಿಂದಲೇ ಸಂಡೇ ಸ್ಕೂಲ್ ಕೋಣೆಗೆ ಟೈಲ್ಸ್ ಬಂತು, ಕೀಬೋರ್ಡ್ ಬಂತು. ಶೀಟು ಅಂಗಡಿಯವನ ಹತ್ತಿರ ಅನ್ಯೋನ್ಯತೆ ಅಂದರೆ ಶೀಟು ಕೊಡಲ್ಲ, ದುಡ್ಡು ಕೇಳುತ್ತಾನೆ. ಪಾಸ್ಟರ್‌ಗಳಿಗೆ ಕೆಲವು ವರ್ಷ ಆದರೆ ವರ್ಗ ಆಗುತ್ತದೆ. ಸೋರುವ ಚಾವಣಿ ನಮ್ಮ ಹತ್ತಿರವೇ ಉಳಿಯುತ್ತದೆ.

ಇದು ಸುಳ್ಳಲ್ಲ. ಚರ್ಚಿನ ಲೆಕ್ಕ ಪುಸ್ತಕ ನೋಡಿದವರಿಗೆ ಗೊತ್ತು, ವಂತಿಗೆ ಮತ್ತು ಭಾನುವಾರದ ಕಾಣಿಕೆಯಲ್ಲಿ ಖರ್ಚು ಕಳೆದರೆ ಉಳಿಯುವುದು ಕಡಿಮೆ. ಬೆಳೆ ಹಬ್ಬದ ಹರಾಜೇ ವರ್ಷದ ದೊಡ್ಡ ಆಧಾರ. ಪಾಸ್ಟರ್ ಬರಹ ಓದಿ ಹೌದು ಹೌದು ಎನ್ನುವವರು ದೊಡ್ಡಪ್ಪನ ಈ ಮಾತಿಗೂ ಉತ್ತರ ಕೊಡಬೇಕಾಗುತ್ತದೆ.

ಉತ್ತರ ಸುಮಾ ಅತ್ತೆಯಿಂದ ಬಂತು.

ಸುಮಾ ಅತ್ತೆ (ಅಮ್ಮತ್ತಿ): ಅಣ್ಣ, 2019ರ ಆಗಸ್ಟ್ ನೆನಪಿದೆಯಾ? ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಮನೆ ಮುಳುಗಿದಾಗ ನೀನೇ ಜೀಪಿನಲ್ಲಿ ಜನರನ್ನು ತಂದು ನಮ್ಮ ಚರ್ಚ್ ಹಾಲ್‌ನಲ್ಲಿ ಇಳಿಸಿದ್ದು. ಒಂದೇ ಪಾತ್ರೆಯಲ್ಲಿ ಗಂಜಿ ಬೇಯಿಸಿದೆವು. ಆಗಲೂ ಲೋಟ ನಲವತ್ತೇ ಇತ್ತು. ತೊಳೆದು ತೊಳೆದು ಕೊಟ್ಟೆವು, ನೀನೂ ತೊಳೆದೆ. ಯಾರ ಮಗುವಿಗೆ ಜ್ವರ, ಯಾರ ಅಜ್ಜಿಗೆ ಸಕ್ಕರೆ ಕಾಯಿಲೆ ಅಂತ ಹೆಸರು ಹಿಡಿದು ನಿನಗೆ ಗೊತ್ತಿತ್ತು. ಅವರಲ್ಲಿ ಅರ್ಧ ಜನ ನಮ್ಮ ಚರ್ಚಿನವರೂ ಅಲ್ಲ. ಅದಕ್ಕೆ ಬೋರ್ಡಿನಲ್ಲಿ ನಿನ್ನ ಹೆಸರು ಹಾಕಿರಲಿಲ್ಲ.

ಚಿಕ್ಕಪ್ಪ (ಬೆಂಗಳೂರು): ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. "ಮೊಟ್ಟೆ ತಂದವಳ ಹೆಸರೇನಂತೆ?" ಅಂತ ಕೇಳುತ್ತಿದ್ದಾರೆ.

ಶೀಲಾ ಅಕ್ಕ (ದುಬೈ): ಹೌದಲ್ವಾ. ಏನು ಹೆಸರು?

ಪ್ರವೀಣ (ಮಡಿಕೇರಿ): ನನಗೆ ಗೊತ್ತಿಲ್ಲ. ಅತ್ತೆ?

ಸುಮಾ ಅತ್ತೆ (ಅಮ್ಮತ್ತಿ): ಮುಖ ಗೊತ್ತು. ಮಗು ಹೆಸರು ಆಶಿಶ್. ತಾಯಿ ಹೆಸರು ಕೇಳಿಲ್ಲ.

ಮೋಹನ ಮಾವ (ಮಂಗಳೂರು): ಪಾಸ್ಟರ್‌ಗೆ ಗೊತ್ತಿರುತ್ತೆ ಬಿಡಿ.

ಪ್ರವೀಣ (ಮಡಿಕೇರಿ): ಗೊತ್ತಿದ್ದರೆ ಬರೆಯುತ್ತಿದ್ದರೇನೋ.

ದೊಡ್ಡಪ್ಪ: ಅವಳು ಕೆಲಸ ಮಾಡುವ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಫೋನ್ ಮಾಡಿದೆ, ಎತ್ತುತ್ತಿಲ್ಲ. ಬೆಳಿಗ್ಗೆ ಮಾಡುತ್ತೇನೆ. ಹೆಸರು ಸಿಕ್ಕಿದರೆ ಹದಿನಾರನೇ ಸಾಲಿನಲ್ಲಿ ನನ್ನ ಹೆಸರಿನ ಮೇಲೆ ಬರೆದುಬಿಡುತ್ತೇನೆ. ಒಂದು ಸಾಲು ಮಾತ್ರ. ಎಲ್ಲದಕ್ಕೂ ಹೊಸ ಕಾಲಂ ಹಾಕಬೇಕಾ ಅನ್ನುವುದನ್ನು ಕಮಿಟಿ ತೀರ್ಮಾನ ಮಾಡಲಿ. ನನ್ನ ವೋಟು ಬೇಡ ಅನ್ನುವ ಕಡೆಗೇ.

ಸುಮಾ ಅತ್ತೆ (ಅಮ್ಮತ್ತಿ): ಆಯ್ತು. ಲೋಟದ ವಿಷಯ?

ದೊಡ್ಡಪ್ಪ: ಐವತ್ತು ತಗೋ. ಬಿಲ್ ತರಬೇಕು.