ಹರಿಹರೇಶ್ವರ ಗುಡಿ ಒಳಗಿನ ಫೋಟೋದಲ್ಲಿ ಕಪ್ಪು ಪಟ್ಟಿ, ಯಾರಾದರೂ ಹೇಳಿ

ದುರ್ಗದ_ಬಿಸಿಲು: ಹರಿಹರಕ್ಕೆ ಹೋಗಿ ತೆಗೆದ ಅರ್ಧ ಫೋಟೋ ಹಾಳು. ಅಡ್ಡಡ್ಡ ಕಪ್ಪು ಪಟ್ಟಿ, ಒಂದೊಂದರಲ್ಲೂ ಐದೈದು. ಕ್ಯಾಮೆರಾ ಹೊಸದು. ರಿಪೇರಿಯವರು ‘ಏನೂ ತೊಂದರೆ ಇಲ್ಲ’ ಅಂತ ವಾಪಸ್ ಕೊಟ್ಟರು. ತಲೆ ಕೆಟ್ಟುಹೋಗಿದೆ.

ಹಳೇಲೆನ್ಸ್: ಲೆನ್ಸ್ ಒಳಗೆ ಫಂಗಸ್. ಮಳೆಗಾಲದಲ್ಲಿ ಬ್ಯಾಗಲ್ಲೇ ಬಿಟ್ಟಿರುತ್ತೀರಿ. ನಾನು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲೇ ಇಡುವುದು.

ಕಟ್ಟೆಪುರಾಣ: ಫಂಗಸ್ ಬಂದರೆ ಫೋಟೋ ಮಬ್ಬಾಗುತ್ತದೆ, ಪಟ್ಟಿ ಬರುವುದಿಲ್ಲ. ಶಟರ್ ಸ್ಪೀಡ್ ಎಷ್ಟಿತ್ತು ಸಾರ್? ಎಲ್ಲಾ ಫೋಟೋದಲ್ಲೂ ಇದೆಯಾ?

ದುರ್ಗದ_ಬಿಸಿಲು: 1/250. ಮಂಟಪದ ಅಂಚಲ್ಲಿ, ಬಿಸಿಲು ಬೀಳುವ ಕಡೆ ಚೆನ್ನಾಗೇ ಬಂದಿದೆ. ಒಳಗಿನ ಕಂಬಗಳದ್ದೇ ಗೋಳು. ಕಡೆದ ಕಂಬದ ಬಳೆ ಯಾವುದು, ಪಟ್ಟಿ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಹಳೇಲೆನ್ಸ್: ಒಮ್ಮೆ ಬೇರೆ ಲೆನ್ಸ್ ಹಾಕಿ ನೋಡಿ ಸಾರ್. ಅಂದಹಾಗೆ ಅದು ಚಾಲುಕ್ಯರ ಗುಡಿ ಅಲ್ವಾ?

ಕಟ್ಟೆಪುರಾಣ: ಅಲ್ಲ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. 1268ರಲ್ಲಿ ಸೋಮ ದಂಡನಾಯಕ ಇನ್ನಷ್ಟು ಸೇರಿಸಿದ.

ಹಳೇಲೆನ್ಸ್: ಹೊಯ್ಸಳರದ್ದಾದರೆ ಬೇಲೂರಿನ ಥರ ಗೋಡೆ ತುಂಬಾ ಕೆತ್ತನೆ ಎಲ್ಲಿ?

ಕಟ್ಟೆಪುರಾಣ: ಎಲ್ಲಾ ಕಡೆ ಒಂದೇ ಥರ ಕಟ್ಟಬೇಕಾ? ಅದು ಬಿಡಿ. ಬಿಸಿಲು ಸಾರ್, ಒಳಗೆ ಎಲ್‌ಇಡಿ ದೀಪ ಇತ್ತಾ? ಸೈಲೆಂಟ್ ಶಟರ್ ಆನ್ ಇತ್ತಾ?

ದುರ್ಗದ_ಬಿಸಿಲು: ಎರಡೂ ಹೌದು. ಪೂಜೆ ನಡೆಯುವಾಗ ಟಪಟಪ ಸದ್ದು ಮಾಡುವುದಕ್ಕೆ ಆಗುತ್ತದಾ?

ಕಟ್ಟೆಪುರಾಣ: ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯರೇ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೈಲೆಂಟ್ ಶಟರ್‌ನಲ್ಲಿ ಸೆನ್ಸರ್ ಸಾಲುಸಾಲಾಗಿ ಓದುತ್ತದೆ. ಅದಕ್ಕೆ 1/20 ಸೆಕೆಂಡು ಹಿಡಿದರೆ ಅಷ್ಟರಲ್ಲಿ ದೀಪ ಐದು ಸಲ ಮಂಕಾಗುತ್ತದೆ. ನಿಮ್ಮ ಐದು ಪಟ್ಟಿ ಅದೇ. ಮೆಕ್ಯಾನಿಕಲ್ ಶಟರ್ ಹಾಕಿ, 1/100 ಇಲ್ಲಾ 1/50 ಇಡಿ, ಆಗ ಪ್ರತಿ ಸಾಲಿಗೂ ಪೂರ್ತಿ ಮಿನುಗಿನ ಬೆಳಕು ಸಮನಾಗಿ ಸಿಗುತ್ತದೆ. ಸದ್ದು ಬೇಡ ಅಂದರೆ ಸೈಲೆಂಟ್‌ನಲ್ಲೇ 1/100 ಇಟ್ಟು ನೋಡಿ, ಪಟ್ಟಿ ಬಹುಪಾಲು ಹೋಗುತ್ತದೆ. ಬೆಳಕೂ ಜಾಸ್ತಿ ಸಿಗುತ್ತದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಇಳಿಸಬಹುದು.

ಹಳೇಲೆನ್ಸ್: 1/50ರಲ್ಲಿ ಕೈ ಅಲುಗಾಡುತ್ತದೆ. ನನ್ನ ಕಾರ್ಬನ್ ಫೈಬರ್ ಟ್ರೈಪಾಡ್ ಒಂದೂವರೆ ಕೆಜಿ ಕೂಡ ಇಲ್ಲ, ಬಂಡೆ ಥರ ನಿಲ್ಲುತ್ತದೆ.

ಕಟ್ಟೆಪುರಾಣ: ಗುಡಿ ಒಳಗೆ ಸುಮ್ನೆ ಟ್ರೈಪಾಡ್ ಬಿಚ್ಚಿ ನಿಲ್ಲಿಸುವ ಹಾಗಿಲ್ಲ, ಮೊದಲೇ ಅನುಮತಿ ಬೇಕು.

ಹಳೇಲೆನ್ಸ್: ನನ್ನನ್ನು ಯಾರೂ ಕೇಳಿಲ್ಲ.

ಕಟ್ಟೆಪುರಾಣ: ಕೇಳಿಲ್ಲ ಅಂದರೆ ಬಿಟ್ಟಿದ್ದಾರೆ ಅಂತಲ್ಲ.

ದುರ್ಗದ_ಬಿಸಿಲು: ಜಗಳ ಆಮೇಲೆ ಆಡಿ. ಈಗಾಗಲೇ ತೆಗೆದ ಫೋಟೋದಿಂದ ಪಟ್ಟಿ ತೆಗೆಯುವುದಕ್ಕೆ ದಾರಿ ಇದೆಯಾ?

ಹಳೇಲೆನ್ಸ್: ಟ್ರೈಪಾಡ್ ಫೋಟೋ ಹಾಕಲಾ?