ಪ್ರಕರಣ ಗೆದ್ದ ಬೊಮ್ಮಾಯಿಯವರಿಗೆ ಸಿಕ್ಕಿದ್ದೇನು?

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಧಾರವಾಡ):
1989ರ ಏಪ್ರಿಲ್ 21ರಂದು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯಡಿ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದ್ದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಹೇಳಿತು. ಆದರೂ ಅವರು ಅಧಿಕಾರಕ್ಕೆ ಮರಳಲಿಲ್ಲ. ಹೀಗಿರುವಾಗ ಇದನ್ನು ಕೇಂದ್ರದ ಕೈ ಕಟ್ಟಿದ ತೀರ್ಪು ಎಂದು ಯಾವ ಅರ್ಥದಲ್ಲಿ ಹೇಳುತ್ತಾರೆ?

ಉತ್ತರ (ವಕೀಲ, ಬೆಳಗಾವಿ):
ತೀರ್ಪು ಬರುವಷ್ಟರಲ್ಲಿ ಚುನಾವಣೆ ನಡೆದು ಹೊಸ ವಿಧಾನಸಭೆಯೇ ಬಂದಿತ್ತು. ಆದರೆ ಪ್ರಕರಣದ ಸಂಗತಿಗಳನ್ನು ಗಮನಿಸಿ. 19 ಶಾಸಕರು ಬೆಂಬಲ ಹಿಂಪಡೆದಿದ್ದಾರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ಏಪ್ರಿಲ್ 19ರಂದು ರಾಷ್ಟ್ರಪತಿಗೆ ವರದಿ ಕಳುಹಿಸಿದರು. ಮರುದಿನವೇ ಅವರಲ್ಲಿ ಏಳು ಮಂದಿ, ತಮ್ಮಿಂದ ತಪ್ಪು ತಿಳಿಸಿ ಸಹಿ ಹಾಕಿಸಿಕೊಳ್ಳಲಾಗಿತ್ತೆಂದು ಬರೆದುಕೊಟ್ಟರು. ಬೇಕಿದ್ದರೆ ಅಧಿವೇಶನವನ್ನು ಮುಂಚಿತವಾಗಿಯೇ ಕರೆದು ಬಹುಮತ ಸಾಬೀತುಪಡಿಸುವುದಾಗಿ ಬೊಮ್ಮಾಯಿಯವರೂ ಹೇಳಿದರು. ಅದಕ್ಕೆ ಕಿವಿಗೊಡದೆ ಎರಡನೆಯ ವರದಿ ದೆಹಲಿಗೆ ಹೋಯಿತು.

ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕೆಂದೂ, ಮಂತ್ರಿಮಂಡಲದ ಸಲಹೆಯನ್ನು ನ್ಯಾಯಾಲಯ ಕೆದಕುವಂತಿಲ್ಲವಾದರೂ ಆ ಸಲಹೆಗೆ ಆಧಾರವಾದ ದಾಖಲೆಗಳನ್ನು ತರಿಸಿ ನೋಡಬಹುದೆಂದೂ ಪೀಠ ಹೇಳಿತು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಹರಿತವಾಗಿ ಕಾಣುತ್ತದೆ. 1999ರಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ವಜಾ ಮಾಡಿದ ಕೇಂದ್ರಕ್ಕೆ ರಾಜ್ಯಸಭೆಯಲ್ಲಿ ಆ ಒಪ್ಪಿಗೆ ಪಡೆಯುವಷ್ಟು ಬಲವಿರಲಿಲ್ಲ. ಒಂದು ತಿಂಗಳೊಳಗೆ ಅದೇ ಸರ್ಕಾರವನ್ನು ಮರಳಿ ಕೂರಿಸಬೇಕಾಯಿತು.

ಉತ್ತರ (ನಿವೃತ್ತ ಅಧ್ಯಾಪಕ, ಮೈಸೂರು):
ವಕೀಲರ ಮಾತು ಸರಿ, ಆದರೆ ಅರ್ಧ. ಅದೇ ತೀರ್ಪು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರ್ಕಾರಗಳನ್ನು ಬಾಬರಿ ಮಸೀದಿ ಧ್ವಂಸದ ಬಳಿಕ 1992ರಲ್ಲಿ ವಜಾ ಮಾಡಿದ್ದನ್ನು ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ, ಅಂದರೆ ತಿದ್ದುಪಡಿಯಿಂದಲೂ ಕೆಡಿಸಲಾಗದ ಅಡಿಪಾಯದ, ಭಾಗವೆಂಬುದು ಅಲ್ಲಿನ ತರ್ಕ. ಇನ್ನು ವಿಳಂಬದ ರೋಗ ವಾಸಿಯಾಗಿಲ್ಲ. 2005ರಲ್ಲಿ ಬಿಹಾರ ವಿಧಾನಸಭೆಯ ವಿಸರ್ಜನೆ ಅಸಾಂವಿಧಾನಿಕವೆಂದು ಸಾರಿದ ನ್ಯಾಯಾಲಯವೇ, ಚುನಾವಣಾ ಪ್ರಕ್ರಿಯೆ ಆರಂಭವಾಗಿದೆಯೆಂದು ಹಳೆಯ ಸಭೆಯನ್ನು ಮರಳಿಸಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಹುಮತ ಪರೀಕ್ಷೆಗೆ ಎಷ್ಟು ದಿನ ಕೊಡಬೇಕೆಂಬುದನ್ನಾದರೂ ತೀರ್ಪು ನಿಗದಿಪಡಿಸಿದೆಯೇ, ಸರ್?

ಉತ್ತರ (ವಕೀಲ, ಬೆಳಗಾವಿ):
ಇಲ್ಲ, ಅದು ಆಯಾ ಪ್ರಕರಣಕ್ಕೆ ಬಿಟ್ಟದ್ದು. 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯಪಾಲರು ಯಡಿಯೂರಪ್ಪನವರಿಗೆ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ 18ರಂದು ಆದೇಶಿಸಿ, ಮರುದಿನ ಸಂಜೆ ನಾಲ್ಕಕ್ಕೇ ಮತ ಎಣಿಸಬೇಕೆಂದಿತು. ಮತಕ್ಕೆ ಹಾಕುವ ಮೊದಲೇ ಅವರು ಸದನದಲ್ಲಿ ರಾಜೀನಾಮೆ ಘೋಷಿಸಿದರು.